ಬೆಕ್ಕಿನುಗುರು

ಶ್ರಾವಣದ ಮೊದಲ ಸೋಮವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಧಾರವಾಡದ ಒಂದು ಪದವಿ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗಂಗಾಂಬಿಕಾ ಯಲಿಗಾರ ಒಬ್ಬಳೇ ಕುಳಿತು ನಕ್ಕಳು. ಹಾಗೆ ಹೊಟ್ಟೆ ತುಂಬ ನಕ್ಕು ಅವಳಿಗೆ ಎಷ್ಟೋ ವರ್ಷಗಳಾಗಿದ್ದವು.

ಎದುರಿಗಿದ್ದದ್ದು ಹಳೆಯ ಯಂತ್ರ. ಕರಗಿಸಿದ ಔಷಧಿಯನ್ನು ಸಣ್ಣ ಕೊಳವೆಯೊಳಗೆ ಒತ್ತಿ ಹಾಯಿಸಿದರೆ, ಅದರಲ್ಲಿರುವ ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಹೊರಗೆ ಬರುತ್ತದೆ. ಬಂದಾಗಲೆಲ್ಲ ಪರದೆಯ ಮೇಲಿನ ಗೆರೆ ಗುಡ್ಡದಂತೆ ಏಳುತ್ತದೆ. ಅವಳು ಹಾಯಿಸಿದ್ದು ಮಾರ್ಜಲಿನ್ ಗುಳಿಗೆಯ ಪುಡಿಯನ್ನು. ಹನ್ನೆರಡನೇ ನಿಮಿಷಕ್ಕೆ ಏಳಬೇಕಾದ ದೊಡ್ಡ ಗುಡ್ಡ ಅರ್ಧಕ್ಕರ್ಧ ಕುಸಿದಿತ್ತು. ಹದಿನೇಳನೇ ನಿಮಿಷಕ್ಕೆ, ಏನೂ ಇರಬಾರದ ಜಾಗದಲ್ಲಿ, ಎರಡು ಹೊಸ ಗುಡ್ಡಗಳು ಅಕ್ಕಪಕ್ಕದಲ್ಲಿ ಎದ್ದು ನಿಂತಿದ್ದವು. ಬೇರೆ ಬೇರೆ ಗುಳಿಗೆ ತೆಗೆದುಕೊಂಡು ಮೂರು ಸಲ ನೋಡಿದಳು. ಮೂರು ಸಲವೂ ಅದೇ.

"ಮಟ್ಟಿ ಸರ್," ಎಂದಳು ಖಾಲಿ ಕೋಣೆಗೆ. "ನಿಮ್ಮ ಬಳ್ಳಿ ತಿರುಗಿ ಬಿತ್ತಲ್ರಿ."

ಸಂಧಿವಾತಕ್ಕೆ ಮಾರ್ಜಲಿನ್ ಬಂದು ಆರು ವರ್ಷವಾಗಿತ್ತು. ಸಂಧಿವಾತವೆಂದರೆ ಬರೀ ಮುದುಕರ ಮಂಡಿನೋವಲ್ಲ. ಮೈಯೊಳಗಿನ ಕಾವಲುಗಾರರೇ ತಲೆಕೆಟ್ಟು ಸ್ವಂತ ಮನೆಯ ಬಾಗಿಲ ಕೀಲುಗಳನ್ನು ಕಡಿಯತೊಡಗುವ ರೋಗ. ಮೂವತ್ತರ ಹೆಂಗಸಿನ ಬೆರಳೂ ಬೇರಿನಂತೆ ಸೊಟ್ಟಗಾಗುತ್ತದೆ. ಅಲ್ಲಿಯವರೆಗಿನ ಔಷಧಿಗಳು ಆ ಕಾವಲುಗಾರರನ್ನು ಹೊಡೆದು ಮಲಗಿಸುತ್ತಿದ್ದವು. ಮಾರ್ಜಲಿನ್ ಮಾತ್ರ ಅವರಿಗೆ ಬುದ್ಧಿ ಹೇಳಿ ಕೆಲಸಕ್ಕೆ ಹಚ್ಚುತ್ತಿತ್ತು. ದಿನಕ್ಕೊಂದು ಗುಳಿಗೆ. ದರ್ಜಿಗಳು ಮತ್ತೆ ಸೂಜಿ ಹಿಡಿದರು, ತಬಲಾ ಬಿಟ್ಟವರು ತಬಲಾಕ್ಕೆ ಕುಳಿತರು, ಬಸ್ಸಿನ ಗೇರು ಹಾಕಲಾಗದೆ ಮನೆ ಸೇರಿದ್ದ ಡ್ರೈವರುಗಳು ಡ್ಯೂಟಿಗೆ ಹೋದರು. ಗುಳಿಗೆಯ ಡಬ್ಬಿಯ ಮೇಲೆ ಕೊಕ್ಕೆಯಂಥ ಮುಳ್ಳಿನ ಚಿತ್ರ. ಪೆರು ದೇಶದ ಕಾಡಿನಲ್ಲಿ ಮರಗಳನ್ನು ಹಿಡಿದು ನೂರಡಿ ಮೇಲೇರುವ ಬಳ್ಳಿಯೊಂದರ ಮುಳ್ಳು ಅದು. ಸ್ಪ್ಯಾನಿಷಿನಲ್ಲಿ ಅದನ್ನು ಬೆಕ್ಕಿನುಗುರು ಎನ್ನುತ್ತಾರೆ; ಗುಳಿಗೆ ಮಾಡುವುದು ಅದರ ತೊಗಟೆಯಿಂದಲೇ. ಡಬ್ಬಿಯ ಇನ್ನೊಂದು ಬದಿಗೆ ಸಣ್ಣ ಅಕ್ಷರದಲ್ಲಿ, 'ಸಂಶೋಧನೆ: ಡಾ. ಚಿದಾನಂದ ಮಟ್ಟಿ' ಎಂದಿತ್ತು.

ಆ ಹೆಸರನ್ನು ಗಂಗಾಂಬಿಕಾ ಆರು ವರ್ಷ ದಿನಾಲೂ ಓದಿದ್ದಳು. ಯಾಕೆಂದರೆ ಅವಳು ಬಾಡಿಗೆಗಿದ್ದ ಮನೆಯ ಕೆಳಗೇ ತಿರಕವ್ವನ ಖಾನಾವಳಿ, ಮತ್ತು ತಿರಕವ್ವನ ಗುಳಿಗೆ ಡಬ್ಬಿ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು.

*

ಇಪ್ಪತ್ತೆರಡು ವರ್ಷದ ಹಿಂದೆ ಗಂಗಾಂಬಿಕಾಗೆ ಮೂವತ್ತೊಂದು. ಚಿದಾನಂದ ಮಟ್ಟಿ ಅವಳ ಮಾರ್ಗದರ್ಶಿ. ಅವನೇ ಅವಳನ್ನು ಪೆರುವಿಗೆ ಕಳಿಸಿದ್ದ. ಸಾತಿಪೋ ಎಂಬ ಊರಿನಿಂದ ಒಂದು ದಿನದ ದೋಣಿ ದಾರಿಯ ಹಳ್ಳಿಯಲ್ಲಿ ಒಂಬತ್ತು ತಿಂಗಳಿದ್ದಳು. ಅಲ್ಲಿನವರು ಅಶಾನಿಂಕಾ ಜನ. ಅವರಲ್ಲಿ ಎವರಿಸ್ತಾ ಚುಂಪಾತೆ ಎಂಬ ಮುದುಕಿ ಔಷಧಿ ಕೊಡುವವಳು. ಹರಕು ಸ್ಪ್ಯಾನಿಷಿನಲ್ಲಿ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಗಂಗಾಂಬಿಕಾಳ ಸ್ಪ್ಯಾನಿಷ್ ಕೇಳಿ ಮುದುಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಬೆಕ್ಕಿನುಗುರಿನಲ್ಲಿ ಎರಡು ಬಗೆ ಎಂದು ತೋರಿಸಿದವಳು ಎವರಿಸ್ತಾ. ಎಲೆ ಒಂದೇ, ಹೂ ಒಂದೇ, ಸಸ್ಯಶಾಸ್ತ್ರಜ್ಞನ ಭೂತಗನ್ನಡಿಗೂ ಒಂದೇ. ಆದರೆ ಮುದುಕಿ ಮುಳ್ಳಿನ ಬುಡದ ತೊಗಟೆ ಕೆರೆದು ನಾಲಿಗೆಗೆ ತಾಗಿಸಿ, ಇದು ಬಲದ್ದು, ಇದು ಸುಳ್ಳಿನದು ಎಂದು ಬೇರೆ ಮಾಡುತ್ತಿದ್ದಳು. ಬಲದ ಬಳ್ಳಿಯ ಕಹಿ ಗಂಟಲಲ್ಲಿ ನಿಲ್ಲುತ್ತದೆ. ಸುಳ್ಳಿನದರ ಕಹಿ ಮೂಗಿಗೆ ಏರುತ್ತದೆ. ಗಂಗಾಂಬಿಕಾ ನಾಲ್ಕು ತಿಂಗಳು ತೊಗಟೆ ನೆಕ್ಕಿ ನೆಕ್ಕಿ ಅದನ್ನು ಕಲಿತಳು. ಪ್ರಯೋಗಾಲಯದಲ್ಲಿ ನೋಡಿದರೆ ಮುದುಕಿ ಹೇಳಿದ್ದೇ ನಿಜ. ಒಂದರೊಳಗಿನ ಆಲ್ಕಲಾಯ್ಡುಗಳಿಗೆ, ಅಂದರೆ ಕಹಿ ಸಾರದ ಅಣುಗಳಿಗೆ, ಐದು ಉಂಗುರ, ಇನ್ನೊಂದರದಕ್ಕೆ ನಾಲ್ಕು. ಐದು ಉಂಗುರದ್ದು ಕಾವಲುಗಾರರನ್ನು ತಣಿಸುತ್ತದೆ. ನಾಲ್ಕು ಉಂಗುರದ್ದು ತಾನು ತಣಿಸದಿರುವುದಷ್ಟೇ ಅಲ್ಲ, ತಣಿದವರನ್ನೂ ಎಬ್ಬಿಸಿ ಕೆರಳಿಸುತ್ತದೆ.

ಮುದುಕಿ ಇನ್ನೊಂದು ಮಾತು ಹೇಳಿದ್ದಳು. "ಎರಡನ್ನೂ ಒಂದೇ ಗಾಳಿಗೆ ನೆಡಬೇಡ. ಸುಳ್ಳಿನ ಬಳ್ಳಿ ಮಾತಾಡುತ್ತದೆ, ಬಲದ ಬಳ್ಳಿ ಕೇಳಿಸಿಕೊಳ್ಳುತ್ತದೆ. ಆಮೇಲೆ ಅದೂ ಸುಳ್ಳು ಕಲಿಯುತ್ತದೆ."

ಗಂಗಾಂಬಿಕಾ ಅದನ್ನೂ ಪರೀಕ್ಷಿಸಿ ನೋಡಿದಳು. ಗಾಜಿನ ಪೆಟ್ಟಿಗೆಯೊಳಗೆ ಎರಡು ಕುಡಿ ಇಟ್ಟು ಐವತ್ತು ದಿನ ಕಾದಳು. ಸುಳ್ಳಿನ ಕುಡಿಯ ಎಲೆಯಿಂದ ಹೊರಡುವ ಒಂದು ವಾಸನೆ, ಮನುಷ್ಯರ ಮೂಗಿಗೆ ಸಿಗದಷ್ಟು ತೆಳುವಾದದ್ದು, ಬಲದ ಕುಡಿಯ ಜೀವಕೋಶಗಳಲ್ಲಿ ಐದನೇ ಉಂಗುರ ಮುಚ್ಚುವ ಕೆಲಸವನ್ನೇ ನಿಲ್ಲಿಸಿಬಿಡುತ್ತಿತ್ತು. ಕೆಟ್ಟ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕಡಿದು ಬೇರೆ ಗಾಳಿಯಲ್ಲಿಟ್ಟರೆ ಹೊಸ ಚಿಗುರು ಮತ್ತೆ ಸರಿಯಾಗಿಯೇ ಬರುತ್ತಿತ್ತು. ಇದನ್ನೆಲ್ಲ ಬರೆದು, ಮೊದಲ ಪುಟದಲ್ಲಿ ಎವರಿಸ್ತಾಳ ಹೆಸರು, ಅವಳ ಹಳ್ಳಿಯ ಹೆಸರು ಹಾಕಿ ಮಟ್ಟಿಗೆ ಕೊಟ್ಟಳು. ಹಾಕುತ್ತೇನೆಂದು ಮುದುಕಿಯ ಕೈ ಹಿಡಿದು ಮಾತು ಕೊಟ್ಟಿದ್ದಳು.

ಮಟ್ಟಿ ಬಳ್ಳಿಯ ಮಾತಿನ ಪುಟಗಳನ್ನಷ್ಟು ಹರಿದು ಬಿಸಾಕಿ ಹೇಳಿದ್ದು: "ಬಳ್ಳಿ ಮಾತಾಡ್ತೈತಂತ! ಇಂಥಾ ಅಜ್ಜಿ ಕಥಿ ಬರದ್ರ ಜಗತ್ತಿನ ಮುಂದ ನಾ ನಗೆಪಾಟಲಾಗ್ತೇನಿ, ಗಂಗಾ."

ಎಂಟು ತಿಂಗಳ ಮೇಲೆ ಮಟ್ಟಿಯ ಹೆಸರಿನಲ್ಲಿ ಪ್ರಬಂಧ ಅಚ್ಚಾಯಿತು, ಪೇಟೆಂಟೂ ಬಂತು. ಅದರಲ್ಲಿ ಎವರಿಸ್ತಾ ಇರಲಿಲ್ಲ. ಹಳ್ಳಿ ಇರಲಿಲ್ಲ. ಗಂಗಾಂಬಿಕಾ ಯಲಿಗಾರಳೂ ಇರಲಿಲ್ಲ. ಅವಳು ಸಂಸ್ಥೆಗೆ ದೂರು ಕೊಟ್ಟಳು. ಮಟ್ಟಿ ಅವಳ ನೋಟುಪುಸ್ತಕದ ಎರಡು ಅಂಕಿಗಳನ್ನು ತಿದ್ದಿಸಿ, ಅದನ್ನೇ ಸಮಿತಿಯ ಮುಂದಿಟ್ಟು, ಅಂಕಿ ತಿರುಚಿದವಳು ಇವಳು ಎಂದ. ನಲವತ್ತು ನಿಮಿಷದ ವಿಚಾರಣೆ. ಸಂಶೋಧನೆಯಿಂದ ಅವಳನ್ನು ಹೊರಗೆ ಹಾಕಿದರು. ಯಾವ ಪ್ರಯೋಗಾಲಯವೂ ಬಾಗಿಲು ತೆರೆಯಲಿಲ್ಲ. ಕೊನೆಗೆ ಈ ಕಾಲೇಜಿನಲ್ಲಿ ಹುಡುಗಿಯರಿಗೆ ಆಮ್ಲ-ಪ್ರತ್ಯಾಮ್ಲ ಕಲಿಸುವ ಕೆಲಸ ಸಿಕ್ಕಿತು. ನಿಶ್ಚಯವಾಗಿದ್ದ ಮದುವೆ ಮುರಿಯಿತು. "ಕಳ್ಳ ಲೆಕ್ಕ ಬರದಾಕಿ" ಎಂದು ಗಂಡಿನ ಕಡೆಯವರು ಅಂದದ್ದನ್ನು ಕೇಳಿಸಿಕೊಂಡೇ ಅವಳ ಅಪ್ಪ ತೀರಿಕೊಂಡ.

ಹೀಗಾಗಿ ಪರದೆಯ ಮೇಲೆ ಆ ಜೋಡಿ ಗುಡ್ಡ ಕಂಡಾಗ ಅವಳಿಗೆ ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ಊರಾಚೆಯ ಕೈಗಾರಿಕಾ ವಸಾಹತಿನಲ್ಲಿ, ಗುಳಿಗೆ ಕಂಪನಿ ಇಪ್ಪತ್ತು ಸಾವಿರ ಬಳ್ಳಿ ಬೆಳೆಸುವ ಗಾಜಿನ ಮನೆಯೊಳಗೆ, ಯಾರೋ ಎಲ್ಲಿಂದಲೋ ಒಂದು ಸುಳ್ಳಿನ ಬಳ್ಳಿ ತಂದು ನೆಟ್ಟಿದ್ದಾರೆ. ಅದು ಮಾತಾಡಿದೆ. ಉಳಿದವೆಲ್ಲ ಕೇಳಿಸಿಕೊಂಡಿವೆ. ಹಾಗಾಗುತ್ತದೆ ಎಂದು ತಿಳಿಸುವ ಪುಟಗಳನ್ನು ಚಿದಾನಂದ ಮಟ್ಟಿ ತನ್ನ ಕೈಯಾರೆ ಹರಿದು ಬಿಸಾಕಿದ್ದಾನೆ.

ಭೂಮಿಯ ಮೇಲೆ ಬಳ್ಳಿಯ ಈ ರೋಗಕ್ಕೆ ಮದ್ದು ಗೊತ್ತಿದ್ದವರು ಇಬ್ಬರು. ಒಬ್ಬಳು ಸತ್ತು ಹನ್ನೊಂದು ವರ್ಷ. ಇನ್ನೊಬ್ಬಳು ಯಂತ್ರ ಆರಿಸಿ, ಬಿ.ಎಸ್ಸಿ. ಎರಡನೇ ವರ್ಷದವರ ಪಾಠಕ್ಕೆ ಹೊರಟಳು. ಯಾರಿಗೂ ಏನೂ ಹೇಳಲಿಲ್ಲ.

*

"ಅಕ್ಕಾರ, ಕೈ ನೋಡ್ರಿ ನಂದು," ಎಂದಳು ತಿರಕವ್ವ.

ಮಧ್ಯಾಹ್ನದ ಊಟದ ಹೊತ್ತು. ಹೊರಗೆ ಇಪ್ಪತ್ತು ಮಂದಿ ತಾಟಿನ ಮುಂದೆ ಕುಳಿತಿದ್ದರು. ಒಳಗೆ ತಿರಕವ್ವ ಜೋಳದ ಹಿಟ್ಟಿನ ಉಂಡೆಯ ಮುಂದೆ ಕೈ ಎತ್ತಿ ಹಿಡಿದಿದ್ದಳು. ಐವತ್ತೆಂಟರ ಹೆಂಗಸು. ಗಂಡ ಸತ್ತ ಮೇಲೆ ಈ ಎರಡು ಅಂಗೈಗಳ ಮೇಲೆ ಖಾನಾವಳಿ ನಿಲ್ಲಿಸಿದವಳು. ಆರು ವರ್ಷದ ಹಿಂದೆ ಬೆರಳು ಮಡಚಿಕೊಂಡು, ಬಾಗಿಲಿಗೆ ಕೀಲಿ ಹಾಕುವ ಹೊತ್ತಿಗೆ ಮಾರ್ಜಲಿನ್ ಬಂದಿತ್ತು. ಅಂದಿನಿಂದ ಅವಳು ರೊಟ್ಟಿ ಬಡಿಯುವ ಸದ್ದು ಮೇಲಿನ ಮನೆಯ ನೆಲಕ್ಕೆ ಮುಂಜಾನೆಯಿಂದಲೇ ತಾಗುತ್ತಿತ್ತು. ಎರಡು ವಾರದಿಂದ ಆ ಸದ್ದು ತಾಳ ತಪ್ಪಿತ್ತು. ಅದನ್ನು ಕೇಳಿಯೇ ಗಂಗಾಂಬಿಕಾ ಅವಳ ಗುಳಿಗೆಗಳಲ್ಲಿ ನಾಲ್ಕನ್ನು ಪ್ರಯೋಗಾಲಯಕ್ಕೆ ಒಯ್ದದ್ದು.

ಬೆರಳಿನ ಗೆಣ್ಣುಗಳು ಕೆಂಪಗೆ ಉಬ್ಬಿದ್ದವು. ಮುಟ್ಟಿದರೆ ಬಿಸಿ.

"ಮುಂಜಾನೆ ಎದ್ದರ ಮುಷ್ಟಿ ಬಿಚ್ಚವಲ್ದು. ಬಿಸಿನೀರಾಗ ಅದ್ದಿ ಬಿಚ್ಚಬೇಕು. ಗುಳಿಗಿ ತಪ್ಪಿಸಿಲ್ರಿ ನಾ, ಒಂದ ದಿನಾನೂ."

"ಆ ಗುಳಿಗಿ ಬಿಡು, ತಿರಕವ್ವ."

"ಅಂದ್ರ?"

"ಬಿಡು ಅಂದೆ. ದವಾಖಾನಿಗೆ ಹೋಗಿ ಹಳೇ ಇಂಜೆಕ್ಷನ್ ಹಾಕಿಸ್ಕೋ."

ತಿರಕವ್ವ ಅವಳ ಮುಖವನ್ನೇ ನೋಡಿದಳು. "ಯಾಕ್ರಿ? ಏನ ಆಗೈತಿ ಅದಕ್ಕ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ತಿರಕವ್ವನಿಗೆ ಹೇಳುವುದೆಂದರೆ ತಾಟಿನ ಮುಂದಿನ ಇಪ್ಪತ್ತು ಮಂದಿಗೆ ಹೇಳಿದಂತೆ. ಅವರಲ್ಲಿ ಇಬ್ಬರು ಪತ್ರಿಕೆಯವರು. ಸಂಜೆಗೆ ಕಂಪನಿಗೆ ಸುದ್ದಿ ಮುಟ್ಟುತ್ತದೆ, ಮಟ್ಟಿ ಹುಡುಕಿಸಿ ಕಾರಣ ಕಂಡುಹಿಡಿಸುತ್ತಾನೆ, ಮತ್ತೊಂದು ಪ್ರಬಂಧ ಬರೆಯುತ್ತಾನೆ. ಅವನು ಇನ್ನಷ್ಟು ಕಾಲ ಕತ್ತಲೆಯಲ್ಲೇ ಇರಬೇಕು. ಸಾಕೆನಿಸುವಷ್ಟು ತಡಕಾಡಬೇಕು.

"ಸುಮ್ನ ಹೇಳಿದೆ. ಭಾಳ ವರ್ಷ ತಗೊಂಡ್ರ ಮೈಗೆ ಒಗ್ಗಂಗಿಲ್ಲ," ಎಂದಳು.

"ಆರು ವರ್ಷ ಕೈ ಕೊಟ್ಟ ಗುಳಿಗಿ ಅದು. ಸುಮ್ನ ಬಿಡಾಕ ಬರ್ತೈತೇನ್ರಿ?" ಎಂದು ತಿರಕವ್ವ ನಕ್ಕು, ಹಿಟ್ಟಿನ ಕಡೆ ತಿರುಗಿದಳು. ಅಂಗೈ ಬಿದ್ದಾಗ ಅವಳ ತುಟಿ ಬಿಗಿಯಾದದ್ದನ್ನು ಗಂಗಾಂಬಿಕಾ ನೋಡಿದಳು. ನೋಡಿ, ಮೆಟ್ಟಿಲು ಹತ್ತಿ ಮೇಲೆ ಹೋದಳು.

*

ಹತ್ತನೇ ದಿನ, ಗಂಗಾಂಬಿಕಾಳನ್ನು ಕರೆತರಲು ಮಟ್ಟಿ ಕಳಿಸಿದ ಕಂಪನಿಯ ಕಾರು ಕಾಲೇಜಿನ ಮುಂದೆ ನಿಂತಿತು.

ಗಾಜಿನ ಮನೆಯನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎರಡು ಫುಟ್‌ಬಾಲ್ ಮೈದಾನದಷ್ಟು ಅಗಲ. ಉಕ್ಕಿನ ಕಂಬಗಳನ್ನು ಹಿಡಿದು ಬಳ್ಳಿಗಳು ಸಾಲು ಸಾಲಾಗಿ ಮೇಲೇರಿದ್ದವು. ಒಳಗೆ ಕಾಲಿಟ್ಟೊಡನೆ ಸಾತಿಪೋದ ಬೇಗೆ, ಸಾತಿಪೋದ ಹಸಿ ಮಣ್ಣಿನ ವಾಸನೆ. ಕಣ್ಣು ತುಂಬಿ ಬಂತು. ಅವಳು ಹಲ್ಲು ಕಚ್ಚಿಕೊಂಡಳು.

ನಿಯಂತ್ರಣ ಕೊಠಡಿ ಮೇಲಿನ ಮಹಡಿಯಲ್ಲಿ. ಗೋಡೆಯ ತುಂಬ ಪರದೆಗಳು: ತೇವ, ತಾಪ, ಬೆಳಕು, ಬೇರಿನ ನೀರು, ಎಲ್ಲವೂ ಹಸಿರು ಅಂಕಿ. ಆ ಹಸಿರಿನ ನಡುವೆ ಚಿದಾನಂದ ಮಟ್ಟಿ ನಿಂತಿದ್ದ. ಅರವತ್ತೆಂಟು ವಯಸ್ಸು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೇ ಇತ್ತು.

"ಬಾ ಗಂಗಾ. ಹಳೇದೆಲ್ಲಾ ಮರತು ಬಂದಿ, ದೊಡ್ಡ ಮನಸು ನಿಂದು."

"ನಾ ಏನೂ ಮರತಿಲ್ಲ. ಏನ ಆಗೈತಿ ಹೇಳ್ರಿ."

ಅವನು ಹೇಳಿದ. ಪ್ರತಿ ಸಲದ ಗುಳಿಗೆಯಲ್ಲೂ ಒಟ್ಟು ಆಲ್ಕಲಾಯ್ಡ್ ಎಷ್ಟಿದೆ ಎಂದಷ್ಟೇ ಅವರು ಅಳೆಯುತ್ತಿದ್ದರು; ಒಟ್ಟು ಸರಿಯಾಗಿಯೇ ಇತ್ತು. ರೋಗಿಗಳಿಂದ ದೂರು ಬರತೊಡಗಿದ ಮೇಲೆ ಬಿಡಿಸಿ ನೋಡಿದರೆ ಐದು ಉಂಗುರದ್ದು ನಾಲ್ಕಾಗಿದೆ. ಮಣ್ಣು ಬದಲಿಸಿದರು, ನೀರು ಬದಲಿಸಿದರು, ದೀಪ ಬದಲಿಸಿದರು. ಬಳ್ಳಿ ಜಗ್ಗಲಿಲ್ಲ.

"ಯಾವಾಗಿಂದ ಗೊತ್ತು ನಿಮಗ?"

"ಮೂರು ವಾರ ಮ್ಯಾಲಾತು."

"ಮತ್ತ ಗುಳಿಗಿ ಇನ್ನೂ ಅಂಗಡ್ಯಾಗ ಅದಾವ."

ಮಟ್ಟಿ ಕನ್ನಡಕ ತೆಗೆದು ಒರೆಸಿಕೊಂಡ. "ಒಮ್ಮೆಲೇ ನಿಲ್ಲಿಸಿದ್ರ ಕಂಪನಿ ಮುಳುಗ್ತೈತಿ. ನೀ ಅವತ್ತ ಏನೋ ಬರದಿದ್ದಿ. ಎರಡ ಕುಡಿ, ಒಂದ ಪೆಟ್ಟಿಗಿ... ನನಗ ಪೂರ್ತಿ ನೆನಪಿಲ್ಲ. ಆ ಪುಸ್ತಕಾನೂ ಉಳದಿಲ್ಲ."

ಗಂಗಾಂಬಿಕಾ ಗಾಜಿನಾಚೆ ಕೆಳಗೆ ನೋಡಿದಳು. ಮುಖ್ಯ ಬಾಗಿಲ ಬಳಿ, ಬಂದವರಿಗೆ ಎದ್ದು ಕಾಣುವಂತೆ, ಕಲ್ಲಿನ ಕಟ್ಟೆಯ ಮೇಲೆ ಭಾರೀ ಬಳ್ಳಿಯೊಂದು ಹಬ್ಬಿತ್ತು. ತೊಡೆಗಾತ್ರದ ಕಾಂಡ. ಹಿತ್ತಾಳೆ ಫಲಕವೂ ಇತ್ತು: ಪೆರುವಿನ ಮೂಲ ಬಳ್ಳಿ, ಮಂತ್ರಿಗಳಿಂದ ಅನಾವರಣ; ತಾರೀಖು ಕಳೆದ ವೈಶಾಖದ್ದು. ಒಳಗೆ ಬರುವಾಗ ಅವಳು ಅದರ ಒಂದು ಮುಳ್ಳಿನ ಬುಡವನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡಿದ್ದಳು, ಯಾರೂ ನೋಡಿರಲಿಲ್ಲ. ಕಹಿ ಸೀದಾ ಮೂಗಿಗೆ ಏರಿತ್ತು. ಶೃಂಗಾರಕ್ಕೆ ತಂದು ನೆಟ್ಟ ಬಳ್ಳಿ. ಅದರಿಂದ ಔಷಧಿ ತೆಗೆಯುವುದಿಲ್ಲವಾದ್ದರಿಂದ ಯಾರೂ ಅದನ್ನು ಪರೀಕ್ಷಿಸಿಯೇ ಇರಲಿಲ್ಲ.

"ಕಾರಣ ನನಗ ಗೊತ್ತೈತಿ," ಎಂದಳು. "ಮದ್ದೂ ಗೊತ್ತೈತಿ. ಎರಡ ತಿಂಗಳಾಗ ಎಲ್ಲಾ ಸರಿ ಹೋಗ್ತೈತಿ."

ಮಟ್ಟಿಯ ಮುಖ ಅರಳಿತು. "ಏನ ಬೇಕು ಕೇಳು. ಇಲ್ಲೇ ಮುಖ್ಯ ವಿಜ್ಞಾನಿ ಮಾಡ್ತೇನಿ."

"ಟಿವಿಯವರನ್ನ, ಪೇಪರಿನವರನ್ನ ಕರೀರಿ. ಅವರ ಮುಂದ ನಿಂತು ಎವರಿಸ್ತಾ ಚುಂಪಾತೆ ಅಂತ ಹೆಸರು ಹೇಳ್ರಿ. ಆಕಿ ಊರಿನ ಹೆಸರು ಹೇಳ್ರಿ. ಇದು ಆಕಿದು, ಗಂಗಾಂಬಿಕಾ ಬರದದ್ದು, ನಾ ಕದ್ದೆ ಅನ್ರಿ. ಆಕಿ ಪುಸ್ತಕದಾಗ ಅಂಕಿ ತಿದ್ದಿಸಿದವ ನಾನ, ಅನ್ರಿ. ಗುಳಿಗಿ ಕೆಟ್ಟದ್ದು ಗೊತ್ತಿದ್ದೂ ಮಾರಿದೆ, ಅನ್ರಿ."

 ಮಟ್ಟಿ ಮೆಲ್ಲಗೆ ನಕ್ಕ.

"ನಿನ್ನ ನಾ ಬಲ್ಲೆ, ಗಂಗಾ. ಇರುವಿ ತುಳದ್ರ ಮರುಗಾಕಿ ನೀ. ಮಂದಿ ನರಳೋದು ನೋಡಿ ಎಷ್ಟ ದಿನ ಸುಮ್ನಿರ್ತಿ? ನಾಲ್ಕ ದಿನಕ್ಕ ನೀನ ಬಂದು ಹೇಳ್ತಿ."

ಅವನು ಹಾಗೆ ಅನ್ನದಿದ್ದರೆ ಏನಾಗುತ್ತಿತ್ತೋ. ಅಂದುಬಿಟ್ಟ. ತನ್ನ ಒಳ್ಳೆಯತನವನ್ನೂ ಇವನು ತನ್ನ ಜೇಬಿನ ಸೊತ್ತು ಮಾಡಿಕೊಂಡಿದ್ದಾನೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ನೋಡೋಣು," ಎಂದು ಎದ್ದಳು.

*

ನಾಲ್ಕು ದಿನ ಕಳೆಯಿತು. ಎಂಟು ದಿನ ಕಳೆಯಿತು. ಅವಳು ಹೋಗಲಿಲ್ಲ.

ಊರು ನಿಧಾನವಾಗಿ ಹಿಂದಕ್ಕೆ ಹೋಗತೊಡಗಿತು. ದರ್ಜಿಗಳು ಬಟ್ಟೆ ವಾಪಸು ಕೊಟ್ಟರು. ಕಾಲೇಜಿನ ಗುಮಾಸ್ತ ಎರಡೂ ಕೈಯಲ್ಲಿ ಪೆನ್ನು ಹಿಡಿದು ಸಹಿ ಹಾಕಿದ. ಔಷಧಿ ಅಂಗಡಿಗಳ ಮುಂದೆ ಜನ ಕೂಗಾಡಿದರು. ಟಿವಿಯಲ್ಲಿ ಮಟ್ಟಿ ಕಾಣಿಸಿಕೊಂಡು, ರೋಗಿಗಳು ಊಟದ ಪಥ್ಯ ಮಾಡುತ್ತಿಲ್ಲ, ತಪ್ಪು ಗುಳಿಗೆಯದಲ್ಲ ಎಂದ. ಗಂಗಾಂಬಿಕಾ ಅದನ್ನು ಖಾನಾವಳಿಯಲ್ಲೇ ನೋಡಿದಳು. ಮರುದಿನ ಬೆಳಗ್ಗೆ ಔಷಧ ನಿಯಂತ್ರಣ ಇಲಾಖೆಗೆ ಒಂದು ಕಾಗದ ಬರೆದಳು: ಬಳ್ಳಿಯ ವಿಷಯ, ಕಟ್ಟೆಯ ವಿಷಯ, ಎಲ್ಲ. ಅಂಚೆ ಡಬ್ಬಿಯವರೆಗೂ ಹೋದಳು. ಅಲ್ಲಿ ನಿಂತಾಗ ಅವನ ನಗು ನೆನಪಾಯಿತು. ನೀನ ಬಂದು ಹೇಳ್ತಿ. ಕಾಗದ ಹರಿದು ಚರಂಡಿಗೆ ಹಾಕಿ ಪಾಠಕ್ಕೆ ಹೋದಳು.

ಸುಳ್ಳು ಹೇಳಬಾರದು, ಆ ದಿನಗಳಲ್ಲಿ ಅವಳಿಗೆ ಹಸಿವು ಚೆನ್ನಾಗಿತ್ತು. ನಿದ್ದೆ ಚೆನ್ನಾಗಿತ್ತು. ಕನ್ನಡಿಯ ಮುಂದೆ ನಿಂತು ತಲೆ ಬಾಚುವಾಗ ಗುನುಗುತ್ತಿದ್ದಳು. ಒಬ್ಬ ಮನುಷ್ಯ ತನ್ನಿಂದಾಗಿ ದಿನದಿನವೂ ಕುಗ್ಗುತ್ತಿದ್ದಾನೆ ಎಂಬ ತಿಳಿವು ಅವಳಿಗೆ ಅನ್ನದಷ್ಟು ಪುಷ್ಟಿ ಕೊಡುತ್ತಿತ್ತು.

ಕೆಳಗೆ ಮಾತ್ರ ರೊಟ್ಟಿಯ ಸದ್ದು ನಿಂತುಹೋಗಿತ್ತು. ತಿರಕವ್ವ ಕೆಲಸಕ್ಕೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡಳು. ಒಂದು ಮಧ್ಯಾಹ್ನ ಗಂಗಾಂಬಿಕಾ ಅಡುಗೆಮನೆಗೆ ಹೋದಾಗ ಅವಳು ಬಲಗೈಯನ್ನು ಎದೆಗವಚಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಎರಡು ಖಾಲಿ ಡಬ್ಬಿ.

"ಎಷ್ಟ ತಗೊಳ್ಳಾಕತ್ತಿ?" ಗಂಗಾಂಬಿಕಾಳ ದನಿ ಏರಿತು.

"ಒಂದಕ್ಕ ಕೇಳವಲ್ದು. ಮುಂಜಾನಿ ಎರಡು, ಸಂಜಿಗೆ ಎರಡು."

"ಬಿಡು ಅಂದಿದ್ನಲ್ಲ ನಿನಗ!"

"ಯಾಕ ಬಿಡಬೇಕು ಅಂತ ನೀವು ಹೇಳಲಿಲ್ಲಲ್ರಿ ಅಕ್ಕಾರ."

ಗಂಗಾಂಬಿಕಾ ಆ ಡಬ್ಬಿಗಳನ್ನು ಎತ್ತಿಕೊಂಡು ಹೋದಳು. ತಿರಕವ್ವ ಬೇರೆ ತರಿಸಿಕೊಂಡಳು.

*

ಚೌತಿ ಬಂತು. ಐದನೇ ದಿನದ ಗಣಪತಿ ಕಳಿಸಿದ ಮರುದಿನ ಮಟ್ಟಿ ತಾನೇ ಕಾಲೇಜಿಗೆ ಬಂದ. ಸರ್ಕಾರ ಕಾರ್ಖಾನೆಗೆ ಬೀಗ ಹಾಕುವ ನೋಟಿಸು ಕೊಟ್ಟಿತ್ತು. ಕಂಪನಿಯ ಮಾಲೀಕರು ಅವನನ್ನೊಬ್ಬನನ್ನೇ ಮುಂದೆ ತಳ್ಳಿ ಹಿಂದೆ ಸರಿದಿದ್ದರು. ಪ್ರಯೋಗಾಲಯದ ಸ್ಟೂಲಿನ ಮೇಲೆ ಕುಳಿತ. 

"ಆತು," ಎಂದ. "ಹೇಳ್ತೇನಿ."

"ಎಲ್ಲಾ?"

"ಎಲ್ಲಾ."

ಅಂದೇ ಸಂಜೆ ನಾಲ್ಕಕ್ಕೆ ಹುಬ್ಬಳ್ಳಿಯ ಒಂದು ಹೋಟೆಲಿನ ಸಭಾಂಗಣದಲ್ಲಿ ಹದಿನೈದು ಕ್ಯಾಮರಾಗಳ ಮುಂದೆ ಚಿದಾನಂದ ಮಟ್ಟಿ ನಿಂತ. ಗಂಗಾಂಬಿಕಾ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು, ಒಂದು ಮಾತೂ ಬಿಟ್ಟುಹೋಗದಂತೆ ಕೇಳಲು. ಎವರಿಸ್ತಾಳ ಹೆಸರನ್ನು ಅವನು ತಪ್ಪಾಗಿ ಹೇಳಿದ. ಅವಳು ಹಿಂದಿನಿಂದ ಗಟ್ಟಿಯಾಗಿ ತಿದ್ದಿದಳು. ಅವನು ಮತ್ತೆ ಹೇಳಿದ. ಕದ್ದೆ ಎಂದ. ತಿದ್ದಿಸಿದೆ ಎಂದ. ಗೊತ್ತಿದ್ದೂ ಮಾರಿದೆ ಎನ್ನುವಾಗ ದನಿ ಒಡೆಯಿತು. ಯಾರೋ ಚಪ್ಪಲಿ ಎಸೆದರು, ಅದು ಅವನ ಭುಜಕ್ಕೆ ಬಡಿದು ಮೈಕಿನ ಮೇಲೆ ಬಿತ್ತು. ಪೊಲೀಸರು ಪಕ್ಕದ ಬಾಗಿಲಿನಿಂದ ಅವನನ್ನು ಕರೆದೊಯ್ದರು. ಹೋಗುತ್ತ ಅವನು ಒಮ್ಮೆ ಅವಳತ್ತ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಆ ಗಳಿಗೆ ಅವಳು ಇಪ್ಪತ್ತೆರಡು ವರ್ಷ ಅಂದುಕೊಂಡಿದ್ದಷ್ಟೇ ಸಿಹಿಯಾಗಿತ್ತು, ಎಳ್ಳಷ್ಟೂ ಕಡಿಮೆಯಿರಲಿಲ್ಲ.

ಅಂದೇ ರಾತ್ರಿ ಸರ್ಕಾರ ಅಂಗಡಿಗಳಿಂದ ಕೆಟ್ಟ ಗುಳಿಗೆ ತೆಗೆಸಿ, ಗಾಜಿನ ಮನೆಯನ್ನು ಅವಳ ಕೈಗೆ ಒಪ್ಪಿಸಿತು. ಮರುದಿನ ಬೆಳಗ್ಗೆ ಅವಳು ಅಲ್ಲಿಗೆ ಹೋಗಿ ಕಟ್ಟೆಯ ಬಳ್ಳಿಯನ್ನು ಬೇರುಸಹಿತ ಕೀಳಿಸಿದಳು. ಗರಗಸದವರು ಆರು ಮಂದಿ ಬೇಕಾದರು. ಇಪ್ಪತ್ತು ಸಾವಿರ ಬಳ್ಳಿಗಳನ್ನೂ ಮೊಣಕಾಲೆತ್ತರಕ್ಕೆ ಕಡಿಸಿ, ಗಾಜಿನ ಮಾಡು ತೆರೆಸಿ, ಮೂರು ದಿನ ಗಾಳಿ ಆಡಿಸಿದಳು. ನಿಯಂತ್ರಣ ಕೊಠಡಿಯಲ್ಲಿ ಈಗ ಅವಳ ಕುರ್ಚಿ. ಚಿಗುರು ಬಂದವು. ನಲವತ್ತನೇ ದಿನ ತೊಗಟೆ ಹಾಯಿಸಿದಾಗ ಹನ್ನೆರಡನೇ ನಿಮಿಷಕ್ಕೆ ಗುಡ್ಡ ಎದ್ದಿತು. ಹದಿನೇಳನೇ ನಿಮಿಷ ಬಯಲು. ಡಬ್ಬಿಯ ಮೇಲೆ ಹೊಸ ಹೆಸರು ಅಚ್ಚಾಯಿತು, ಎವರಿಸ್ತಾ ಚುಂಪಾತೆ ಎಂದು. ಅದರ ಕೆಳಗೆ ತನ್ನದು ಬೇಡ ಎಂದಳು.

*

ದೀಪಾವಳಿಗೆ ಹೊಸ ಗುಳಿಗೆ ಅಂಗಡಿಗೆ ಬಂತು. ಬಂದ ಎರಡೇ ವಾರಕ್ಕೆ ಊರಿನ ಕೈಗಳು ಒಂದೊಂದಾಗಿ ಬಿಚ್ಚತೊಡಗಿದವು. ತಿರಕವ್ವನ ಎಡಗೈಯೂ ಬಿಚ್ಚಿತು.

ಬಲಗೈ ಬಿಚ್ಚಲಿಲ್ಲ. ಮಣಿಕಟ್ಟಿನ ಸಣ್ಣ ಮೂಳೆಗಳ ನಡುವಿನ ಮೆತ್ತೆ ತಿಂದುಹೋಗಿ, ಮೂಳೆಗೆ ಮೂಳೆ ಕೂಡಿಕೊಂಡುಬಿಟ್ಟಿದೆ ಎಂದರು ದವಾಖಾನೆಯಲ್ಲಿ. ಹೊಸ ಗುಳಿಗೆ ಇನ್ನು ಮುಂದಿನದನ್ನು ತಡೆಯುತ್ತದೆ, ಆಗಿಹೋದದ್ದನ್ನು ಬಿಡಿಸುವುದಿಲ್ಲ. ಚೌತಿಗೆ ಬಿಟ್ಟ ಕೆಟ್ಟ ಗುಳಿಗೆಯನ್ನು ಐದು ವಾರ ಮೊದಲೇ ಬಿಟ್ಟು ಇಂಜೆಕ್ಷನ್ ಶುರು ಮಾಡಿದ್ದರೆ ಕೈ ಉಳಿಯುತ್ತಿತ್ತು, ಎಂದೂ ಅಂದರು.

ಗಂಗಾಂಬಿಕಾ ಕಾರ್ಖಾನೆಯಿಂದ ಮಧ್ಯಾಹ್ನ ಊಟಕ್ಕೆ ಬಂದಾಗ ತಿರಕವ್ವ ಅಡುಗೆಮನೆಯಲ್ಲಿ ಎಡಗೈಯಿಂದ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಅಕ್ಕಾರ, ಆ ಮಟ್ಟಿಗೆ ಗುಳಿಗಿ ಕೆಟ್ಟದ್ದು ಮೊದಲ ಗೊತ್ತಿತ್ತು. ಟಿವ್ಯಾಗ ತಾನ ಹೇಳಿದ. ನಿಮಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ತಿರಕವ್ವ ನಂಬುತ್ತಿದ್ದಳು.

"ಶ್ರಾವಣದ ಮೊದಲ ಸೋಮವಾರ," ಎಂದಳು ಗಂಗಾಂಬಿಕಾ. "ನಿನ್ನ ಡಬ್ಬಿದ ನಾಲ್ಕ ಗುಳಿಗಿ ಒಯ್ದಿದ್ದೆ. ಅವತ್ತ ಗೊತ್ತಾತು."

ತಿರಕವ್ವ ಸೊಪ್ಪು ಕೆಳಗಿಟ್ಟಳು. ತುಟಿ ಅಲ್ಲಾಡಿಸುತ್ತ ವಾರಗಳನ್ನು ಎಣಿಸಿದಳು. ಒಂದೊಂದು ವಾರಕ್ಕೂ ಅವಳ ಮುಖ ಬೇರೆಯಾಯಿತು.

"ಬಾಯಿ ಬಿಡಲಿಲ್ಲ ಯಾಕ?"

"ಬಿಟ್ಟಿದ್ರ ಅವ ಬಗ್ತಿದ್ದಿಲ್ಲ."

"ನನ್ನ ಕೈ?"

 ಮಟ್ಟಿಯನ್ನು ಬಗ್ಗಿಸಿದ್ದಕ್ಕೆ ಅವಳಿಗೆ ಆಗಲೂ ಪಶ್ಚಾತ್ತಾಪವಿರಲಿಲ್ಲ. ಅದನ್ನು ತಿರಕವ್ವನ ಮುಂದೆ ಇಲ್ಲವೆನ್ನಲೂ ಆಗಲಿಲ್ಲ. "ನಾ ಏನ ಮಾಡಬೇಕು ಹೇಳು, ತಿರಕವ್ವ. ಏನ ಹೇಳಿದ್ರೂ ಮಾಡ್ತೇನಿ," ಎಂದಳು.

ತಿರಕವ್ವ ಅಳಲಿಲ್ಲ, ಬಯ್ಯಲಿಲ್ಲ. ಎದ್ದು ನಿಂತು, ಹೊರಗಿನ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದಳು. ಅವಳ ಕಣ್ಣಿನಲ್ಲಿದ್ದದ್ದನ್ನು ಗಂಗಾಂಬಿಕಾ ತಕ್ಷಣ ಗುರುತಿಸಿದಳು. ಎಷ್ಟು ವರ್ಷ ಕನ್ನಡಿಯಲ್ಲಿ ನೋಡಿದ್ದು ಅದು.

"ಹದಿನೈದ ಕ್ಯಾಮರಾ ಮುಂದ ನಿಲ್ಸಿ ಹೇಳಿಸಿದ್ರಿ ಅವನ್ನ. ನನ್ನ ಕಡೆ ಕ್ಯಾಮರಾ ಇಲ್ಲ. ಮಂದಿ ಉಣ್ಣಾಕ ಕುಂತಾರ. ಅವರಾಗ ಅರ್ಧಾ ಮಂದಿ ಆ ಗುಳಿಗಿ ನುಂಗಿದವರ. ಹೋಗ್ರಿ. ನಿಂತು ಹೇಳ್ರಿ."

ಗಂಗಾಂಬಿಕಾ ಹೊಸ್ತಿಲು ದಾಟಿದಳು. ಇಪ್ಪತ್ತು ತಾಟು; ರೊಟ್ಟಿ ಮುರಿಯುತ್ತಿದ್ದ ಕೈಗಳಲ್ಲಿ ಕೆಲವು ಇನ್ನೂ ಸೊಟ್ಟಗಿದ್ದವು. ಮೂಲೆಯಲ್ಲಿ ಪತ್ರಿಕೆಯವರಿಬ್ಬರೂ ಇದ್ದರು. ಅವರು ಅವಳನ್ನು ಗುರುತಿಸಿ, ಎದ್ದು ನಮಸ್ಕಾರ ಮಾಡಲು ಹೋದರು. ಅವಳು ಬೇಡವೆಂದು ಕೈ ಮಾಡಿದಳು.

"ನನ್ನ ಹೆಸರು ಗಂಗಾಂಬಿಕಾ ಯಲಿಗಾರ," ಎಂದಳು. ದನಿ ಸಣ್ಣದಾಗಿ ಬಂತು.

"ಗಟ್ಟಿ ಹೇಳ್ರಿ," ಎಂದಳು ಹಿಂದಿನಿಂದ ತಿರಕವ್ವ.

ಅವಳು ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದಳು. ಕೈಗಳು ತಾಟಿನ ಮೇಲೆ ಒಂದೊಂದಾಗಿ ನಿಂತವು. ಬಾಗಿಲ ಚೌಕಟ್ಟಿಗೆ ಒರಗಿ, ಕೂಡಿಹೋದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ತಿರಕವ್ವ ಕೊನೆಯ ಮಾತಿನವರೆಗೂ ಅಲ್ಲಾಡದೆ ಕೇಳಿದಳು.